ಹದಿಮೂರನೆಯ ತಮ್ಮನ ರುಜು

ಕನಕಲಕ್ಷ್ಮಿ ಕಣ್ಣು ಮುಚ್ಚಿ ಸ್ತೋತ್ರ ಹೇಳುತ್ತಾ ಹೂಬುಟ್ಟಿಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದನ್ನು ಭಕ್ತಿಯಿಂದ ದೇವರ ಪಾದದ ಮೇಲಿಟ್ಟಳು. ಅದು ಉರುಳಿ ಬಂದು ಅವಳ ಮೊಣಕಾಲಿಗೆ ತಾಗಿತು. ಸೇವಂತಿಗೆ ಎಲ್ಲಾದರೂ ಉರುಳುತ್ತದೆಯೇ ಎಂದು ಕಣ್ಣು ಬಿಟ್ಟು ನೋಡಿದರೆ, ಬೆಚ್ಚಗಿನ ಕಂದು ಬಣ್ಣದ ಕೋಳಿಮೊಟ್ಟೆ. ಬಾಗಿಲಲ್ಲಿ ಕೆಂಪು ಕೋಳಿಯೊಂದು ಹೆತ್ತ ತಾಯಿಯ ಗತ್ತಿನಲ್ಲಿ ನಿಂತಿತ್ತು.

ಆ ಮನೆಯಲ್ಲಿ ಗಂಡಹೆಂಡತಿ ಆಡುತ್ತಿದ್ದದ್ದು ಅಯ್ಯಂಗಾರರ ತಮಿಳು. ಆದರೆ ನಿಜವಾದ ಕೋಪ ಬಂದಾಗ ಕನಕಲಕ್ಷ್ಮಿ ಕನ್ನಡಕ್ಕೆ ಇಳಿಯುತ್ತಿದ್ದಳು. ಬೀದಿಯವರಿಗೂ ಅರ್ಥವಾಗಬೇಕಲ್ಲ!

"ಏನೂಂದ್ರೆ! ಬನ್ನಿ ಇಲ್ಲಿ! ನಿಮ್ಮ ಪೆರುಮಾಳಿಗೆ ಇವತ್ತು ಮೊಟ್ಟೆ ನೈವೇದ್ಯ ಆಯ್ತು!"

ಕಸ್ತೂರಿರಂಗ ಮೇಷ್ಟ್ರು ಅರ್ಧ ಕ್ಷೌರ ಮಾಡಿಕೊಂಡ ಮುಖದಲ್ಲೇ ಓಡಿಬಂದರು. ಅವರು ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಇಂಥ ಹೊತ್ತಿನಲ್ಲಿ ಗಂಡನಾದವನು ಆಡಬೇಕಾದ ಮಾತು ಒಂದಿರುತ್ತದೆ. ಮೇಷ್ಟ್ರು ಅದನ್ನು ಬಿಟ್ಟು ಕೋಳಿಯನ್ನು ನೋಡಿ, "ಇದು ರೋಡ್ ಐಲೆಂಡ್ ರೆಡ್ ಕಣೇ. ಅಮೆರಿಕಾದಲ್ಲಿ ಒಂದು ಪುಟ್ಟ ರಾಜ್ಯ ಇದೆ, ಸಮುದ್ರದ ದಡದಲ್ಲಿ. ಇದು ಅಲ್ಲಿಯ ರಾಜ್ಯಪಕ್ಷಿ" ಅಂದರು.

"ಹಾಗಿದ್ರೆ ಹಾರತಿ ಎತ್ತಲಾ?" ಅಂದಳು ಕನಕಲಕ್ಷ್ಮಿ. "ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ ಅಮ್ಮ ಬರ್ತಾರೆ, ಮರೆತ್ರಾ? ಇವತ್ತು ಸಂಜೆಯೊಳಗೆ ಎದುರು ಮನೆ ಬೀಗದ ಕೈ ನನ್ನ ಕೈಯಲ್ಲಿರಬೇಕು. ಇಲ್ಲದಿದ್ರೆ ಅದೇ ಬಸ್ಸಿಗೆ ಅಮ್ಮನ ಜೊತೆ ನಾನೂ ಮೇಲುಕೋಟೆಗೆ ವಾಪಸ್ಸು. ಆಮೇಲೆ ನೀವೂ ನಿಮ್ಮ ರಾಜ್ಯಪಕ್ಷಿಯೂ ಅಡುಗೆ ಮಾಡ್ಕೊಳ್ಳಿ!"

ಅತ್ತೆ ರಂಗನಾಯಕಮ್ಮ ಸಾಮಾನ್ಯ ಹೆಂಗಸಲ್ಲ. ಬಸ್ಸಿನಲ್ಲಿ ಪಕ್ಕದವರ ಬುಟ್ಟಿಯೊಳಗೆ ಕೋಳಿ ಕೊಕ್ಕೊಕ್ಕೋ ಅಂದಿತೆಂದು ನಡುದಾರಿಯಲ್ಲೇ ಇಳಿದು, ಮಂಡ್ಯದವರೆಗೆ ಬಿಸಿಲಲ್ಲಿ ನಡೆದುಬಂದವರು. ಮೇಷ್ಟ್ರಿಗೆ ಅಡುಗೆ ಬರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕನಕಲಕ್ಷ್ಮಿಯಿಲ್ಲದ ಮನೆಯಲ್ಲಿ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ಎದುರು ಮನೆಯ ಸಂಗತಿ ಹೀಗೆ. ಮೇಷ್ಟ್ರು ಬಾಡಿಗೆಗಿದ್ದದ್ದು ಮದ್ದೂರಿನಲ್ಲಿ, ಪುಟ್ಟರಾಜುವಿನ ಮನೆಯ ಹಿಂಭಾಗದಲ್ಲಿ. ಮುಂಭಾಗದಲ್ಲಿ ಪುಟ್ಟರಾಜು, ಅವನ ಹೆಂಡತಿ ಮಂಗಳಮ್ಮ, ಮತ್ತು ಬ್ಲಾಕ್ ಆಫೀಸಿನವರು ಕೊಟ್ಟ ಒಂದು ಡಜನ್ ಸೀಮೆ ಕೋಳಿ. ಬೀದಿಯ ಆಚೆ ಬದಿಗೆ ಬೀಗ ಜಡಿದ ತಾರಸಿ ಮನೆ. ಪುಟ್ಟರಾಜುವಿನ ಅಪ್ಪ ತಿಮ್ಮಯ್ಯ, ಮೂವರು ಮಕ್ಕಳೂ ಒಟ್ಟಿಗೆ ಬಾಳಲಿ ಎಂದು ಅದನ್ನು ಕಟ್ಟಿಸಿದ್ದ. ಅವನು ಕಣ್ಣು ಮುಚ್ಚುವ ಮೊದಲೇ ಕಿರಿಯ ಪುಟ್ಟರಾಜು ಬೇರೆ ಒಲೆ ಹೂಡಿದ. ಕಣ್ಣು ಮುಚ್ಚಿದ ಮೇಲೆ ನಿಡಘಟ್ಟದಲ್ಲಿ ಹೊಲಗದ್ದೆ ನೋಡಿಕೊಂಡಿದ್ದ ಅಣ್ಣಂದಿರು ಬೋರಯ್ಯ, ಚಿಕ್ಕಬೋರಯ್ಯ ಸೇರಿ ಪಾಲುಪತ್ರ ಬರೆಸಿದರು. ತಾರಸಿ ಮನೆ ಬೋರಯ್ಯನ ಪಾಲಿಗೆ ಬಂತು. ಅಣ್ಣಂದಿರಿಬ್ಬರೂ ರುಜು ಹಾಕಿದರು. ಪುಟ್ಟರಾಜು ಹಾಕಲಿಲ್ಲ.

ಅಡ್ಡ ಬಂದದ್ದು ಒಂದು ಒರಳುಕಲ್ಲು. ಅದನ್ನು ತಾರಸಿ ಮನೆಯ ಅಡುಗೆಮನೆಯ ನೆಲದಲ್ಲಿ ಹೂತಿದ್ದರು. ಅತ್ತೆ ಅದನ್ನು ತನಗೇ ಕೊಟ್ಟಿದ್ದು ಎಂದು ಮಂಗಳಮ್ಮ. ಕಿತ್ತರೆ ನೆಲ ಬಾಯಿ ಬಿಡುತ್ತದೆ ಎಂದು ಬೋರಯ್ಯ. "ತಮ್ಮ ರುಜು ಆಕುದ್ ದಿನ ಬೀಗದ ಕೈ ನಿಮ್ದೇ ಮೇಷ್ಟ್ರೇ" ಎಂದು ಬೋರಯ್ಯ ಅದನ್ನು ಬಾಡಿಗೆಗೆ ಕೊಡುವ ಮಾತು ಕೊಟ್ಟು ಎರಡು ದೀಪಾವಳಿ ಕಳೆದಿತ್ತು. ಆ ದಿನ ಭಾನುವಾರ, ಮಧ್ಯಾಹ್ನ ಅಣ್ಣಂದಿರು ಪತ್ರ ಹಿಡಿದು ಮತ್ತೆ ಬರುವವರಿದ್ದರು.

"ಮೊದಲು ಅದನ್ನ ಹೊರಗೆ ಒಯ್ಯಿರಿ" ಅಂದಳು ಕನಕಲಕ್ಷ್ಮಿ.

ಮೇಷ್ಟ್ರು ಒಲೆಯ ಇಕ್ಕಳದಿಂದ ಮೊಟ್ಟೆಯನ್ನು ಎತ್ತಿ, ಹಳೆಯ ಪೇಪರಿನಲ್ಲಿ ಸುತ್ತಿ, ಮುಂಭಾಗಕ್ಕೆ ಬಂದರು. ಬಾಗಿಲಿಗೆ ಬೀಗ. ಗಂಡಹೆಂಡತಿ ಶಿಂಷಾ ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದರು. ಜಗಲಿಯ ಮೇಲಿಟ್ಟರೆ ನಾಯಿ ಪಾಲು, ವಾಪಸ್ಸು ಒಯ್ದರೆ ಹೆಂಡತಿಯ ಪಾಲು. ಬೇರೆ ದಾರಿ ಕಾಣದೆ ಜುಬ್ಬದ ಜೇಬಿಗೆ ಇಳಿಸಿಕೊಂಡು, ಸ್ನೇಹಿತ ವರದರಾಜನ ಸಲಹೆ ಕೇಳಲು ಹೊರಟರು.

ಬೀದಿಯ ತಿರುವಿನ ಕಲ್ಲುಬೆಂಚಿನ ಮೇಲೆ ಮರಿಸಿದ್ದಯ್ಯ ಕೂತಿದ್ದ. ಬೀದಿಗೆಲ್ಲ ಹಿರಿಯ, ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದನ್ನು ಆ ಮನೆಯವರಿಗೇ ತಿಳಿಸಬಲ್ಲ ಮನುಷ್ಯ.

"ಏನ್ ಮೇಷ್ಟ್ರೇ, ಒಂದ್ ಕಡೀಕೆ ವಾಲ್ಕಂಡ್ ನಡೀತಿದ್ದೀರಿ? ಜೇಬಲ್ಲೇನು?"

ಕಸ್ತೂರಿರಂಗ ಮೇಷ್ಟ್ರಿಗೆ ಒಂದು ಕಾಯಿಲೆ. ಎದುರಿನವರು ಪ್ರಶ್ನೆ ಕೇಳಿದರೆ ಸರಿಯುತ್ತರ ತಾನಾಗಿ ಬಾಯಿಂದ ಬಿದ್ದುಬಿಡುತ್ತಿತ್ತು.

"ಮೊಟ್ಟೆ" ಅಂದರು.

ಮರಿಸಿದ್ದಯ್ಯ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ. "ಎಲ್ಗೆ ಒಯ್ತಿದ್ದೀರಿ?"

"ವರದರಾಜನ ಮನೆಗೆ."

"ಅವ್ರೂ ಅಯ್ನೋರೇ ಅಲ್ವಾ?"

"ಹೌದು. ಆದ್ರೆ ಇದು ನೀವು ತಿಳ್ಕೊಂಡ ಹಾಗಲ್ಲ..."

"ಬುಡಿ ಮೇಷ್ಟ್ರೇ, ನಾನ್ಯಾಕೆ ಯಾರ್ಗಾರ ಏಳ್ಲಿ? ಕಾಲ ಬದ್ಲಾಯ್ತದೆ. ಅರ್ಧ ಬೇಯ್ಸಿ, ವಸಿ ಮೆಣಸಿನ್ ಪುಡಿ ಉದುರಿಸ್ಕಳಿ. ಮೈಗೆ ಒಳ್ಳೇದು."

ಮೇಷ್ಟ್ರು ತಿರುವು ದಾಟುವಷ್ಟರಲ್ಲಿ ಎಣ್ಣೆ ಗಾಣದವನಿಗೂ, ಹೂವಿನವಳಿಗೂ, ಬಟ್ಟೆ ಅಂಗಡಿಯವನಿಗೂ ಸುದ್ದಿ ಮುಟ್ಟಿತ್ತು. ಭಾನುವಾರ ಭಾನುವಾರ ಅಯ್ಯಂಗಾರ್ ಮೇಷ್ಟ್ರುಗಳೆಲ್ಲ ಒಂದು ಕಡೆ ಕೂಡುತ್ತಾರಂತೆ, ಆಳಿಗೊಂದು ಮೊಟ್ಟೆಯಂತೆ!

ವರದರಾಜ ಲೆಕ್ಕದ ಮೇಷ್ಟ್ರು. ಸಲಹೆ ಕೊಡುವುದು ಅವನ ಚಟ. ಅದರ ಫಲ ಯಾರ ತಲೆಗೆ ಎಂಬುದು ಮಾತ್ರ ಅವನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮೊಟ್ಟೆ ಮನೆಯೊಳಗೆ ಬರಕೂಡದೆಂದು ಸ್ನೇಹಿತನನ್ನು ಅಂಗಳದಲ್ಲೇ ನಿಲ್ಲಿಸಿ, ತಾನು ಒಳಗೆ ನಿಂತು ಕಾಫಿ ಕುಡಿಯುತ್ತಾ ಎಲ್ಲವನ್ನೂ ಕೇಳಿದ.

"ಅದು ಯಾವ ಊರ ಕೋಳಿ ಅಂದೆ?"

ಅಷ್ಟು ಸಾಕಾಯಿತು. ಅಮೆರಿಕಕ್ಕೆ ಇನ್ನೂರು ವರ್ಷ ತುಂಬಿದ ವರ್ಷ ಅದು. ಶಾಲೆಗೆ ಪುಕ್ಕಟೆಯಾಗಿ ಬಂದಿದ್ದ ಬಣ್ಣದ ಪುಸ್ತಕವನ್ನು ಕಸ್ತೂರಿರಂಗ ಮೇಷ್ಟ್ರು ಬಿಟ್ಟರೆ ಬೇರಾರೂ ತೆರೆದಿರಲಿಲ್ಲ. ಅವರು ರೋಡ್ ಐಲೆಂಡಿನ ಕತೆಯನ್ನು ಬಿಸಿಲಲ್ಲೇ ನಿಂತು ಹೇಳಿದರು. ಹದಿಮೂರು ಸೀಮೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಅದು. ಇಂಗ್ಲೆಂಡಿನ ದೊರೆಯ ಹಂಗು ಎಲ್ಲರಿಗಿಂತ ಮೊದಲು ಕಳಚಿಕೊಂಡದ್ದೂ ಅದೇ, ಆಮೇಲೆ ಸೀಮೆಗಳೆಲ್ಲ ಬರೆಸಿದ ಪತ್ರಕ್ಕೆ ಎಲ್ಲರಿಗಿಂತ ಕೊನೆಗೆ ಒಪ್ಪಿಗೆ ಕೊಟ್ಟದ್ದೂ ಅದೇ.

ವರದರಾಜ ಲೋಟ ಕುಕ್ಕಿದ. "ಅಯ್ಯೋ ಪೆದ್ದೇ! ಎಲ್ಲರಿಗಿಂತ ಕಿರಿಯವನು, ಎಲ್ಲರಿಗಿಂತ ಮೊದಲು ಬೇರೆ ಆದವನು, ಎಲ್ಲರಿಗಿಂತ ಕೊನೆಗೆ ರುಜು ಹಾಕಿದವನು. ಇದು ಪುಟ್ಟರಾಜುವಿನ ಕತೆಯೇ ಅಲ್ವೇನೋ? ಅಣ್ಣತಮ್ಮಂದಿರ ಕತೆ ಮಾಡಿ ಇದನ್ನೇ ಹೇಳು. ಸಾಲದ್ದಕ್ಕೆ ಅದು ಅವನ ಕೋಳಿಯ ತೌರೂರು ಬೇರೆ. ಕಣ್ಣು ಮುಚ್ಚಿ ರುಜು ಹಾಕ್ತಾನೆ!"

ಇಬ್ಬರು ಪದವೀಧರರು ಸೇರಿ ಇದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಎಲ್ಲೂ ತಪ್ಪು ಕಾಣಲಿಲ್ಲ.

ಮಧ್ಯಾಹ್ನ ತಾರಸಿ ಮನೆಯ ಜಗಲಿ ತುಂಬಿತು. ಬೋರಯ್ಯ, ಚಿಕ್ಕಬೋರಯ್ಯ ಚಾಪೆಯ ಮೇಲೆ. ಪುಟ್ಟರಾಜು ಕಂಬಕ್ಕೆ ಒರಗಿಕೊಂಡು, ಯಾರ ಮುಖವನ್ನೂ ನೋಡದೆ. ಸಾಕ್ಷಿಗೆಂದು ಮರಿಸಿದ್ದಯ್ಯ. ಬಾಗಿಲು ತೆರೆಸಿದ್ದರಿಂದ ಮಂಗಳಮ್ಮ ನೆಟ್ಟಗೆ ಅಡುಗೆಮನೆಗೆ ಹೋಗಿ, ಯಾರಾದರೂ ಕದ್ದೊಯ್ದಾರು ಎಂಬಂತೆ ಒರಳಿನ ಪಕ್ಕದಲ್ಲೇ ಕೂತಿದ್ದಳು. ಮೇಷ್ಟ್ರು ಬಂದಾಗ ಎಲ್ಲರ ಕಣ್ಣೂ ಮೊದಲು ಅವರ ಜೇಬಿನ ಮೇಲೆ ಬಿತ್ತು. ಮೊಟ್ಟೆ ಇನ್ನೂ ಅಲ್ಲೇ ಇತ್ತು. ಮಂಗಳಮ್ಮನ ಕೈಗೆ ಕೊಟ್ಟು ಹೊಸ ಜಗಳ ಎಬ್ಬಿಸುವುದು ಬೇಡವೆಂದು ತಡೆದಿದ್ದರು.

"ಪುಟ್ಟರಾಜು, ನಿನ್ನ ಕೋಳಿ ಎಲ್ಲಿಂದ ಬಂತು ಗೊತ್ತೇನಪ್ಪಾ?"

"ಬ್ಲಾಕ್ ಆಪೀಸಿಂದ."

"ಅದಕ್ಕೂ ಹಿಂದೆ?" ಎಂದು ಮೇಷ್ಟ್ರು ತರಗತಿಯ ಗತ್ತಿನಲ್ಲಿ ಶುರು ಮಾಡಿದರು. "ರೋಡ್ ಐಲೆಂಡ್ ಅಂತ ಒಂದು ರಾಜ್ಯ. ನಮ್ಮ ಮಂಡ್ಯ ಜಿಲ್ಲೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. ಆದರೆ ಇಡೀ ಅಮೆರಿಕದಲ್ಲಿ ಅದಕ್ಕಿರುವಷ್ಟು ಉದ್ದದ ಹೆಸರು ಯಾವ ರಾಜ್ಯಕ್ಕೂ ಇಲ್ಲ. ಅಲ್ಲಿ ಸಾಕಿದ ಈ ಕೆಂಪು ಕೋಳಿಯಿಂದಲೇ ಪ್ರಪಂಚಕ್ಕೆಲ್ಲ ಅದರ ಹೆಸರು ಗೊತ್ತು."

"ನಮ್ ಬಂಡೂರು ಕುರಿ ಇದ್ದಂಗೆ ಅನ್ನಿ" ಅಂದ ಬೋರಯ್ಯ. "ಊರು ನೋಡುದ್ರೆ ಇಷ್ಟೇ. ಕುರಿ ಎಸ್ರು ಮಾತ್ರ ಎಲ್ಲಾ ಕಡೆ."

"ಅದೇ, ಅದೇ!" ಎಂದು ಮೇಷ್ಟ್ರು ಉಬ್ಬಿದರು. ಮಕ್ಕಳು ಒಂದು ದಿನವೂ ಇಷ್ಟು ಚೆನ್ನಾಗಿ ಉತ್ತರ ಹೇಳಿರಲಿಲ್ಲ. ಹುರುಪಿನಲ್ಲಿ, ಬೇಡದಿದ್ದರೂ, ಊರು ಕಟ್ಟಿದವನ ಕತೆಗೆ ಹೋದರು. ಅವರವರ ದೇವರು ಅವರವರ ಇಷ್ಟ ಅಂದದ್ದಕ್ಕೆ ಅವನನ್ನು ಪಕ್ಕದ ಸೀಮೆಯವರು ಓಡಿಸಿದ್ದು, ಮಂಜು ಸುರಿಯುವ ಚಳಿಯಲ್ಲಿ ಅವನು ಕಾಡು ಸೇರಿದ್ದು, ಕಾಡಿನ ಜನ ಅವನಿಗೆ ಆಸರೆ ಕೊಟ್ಟದ್ದು. "ಅವನು ಸತ್ತು ಎಷ್ಟೋ ಕಾಲ ಆದ ಮೇಲೆ ಗೋರಿ ಅಗೆದು ನೋಡ್ತಾರೆ, ಅವನಿಲ್ಲ! ಒಂದು ಸೇಬಿನ ಮರದ ಬೇರು ಅವನು ಮಲಗಿದ್ದ ಹಾಗೇ, ಕಾಲು ಮಡಿಸಿಕೊಂಡು ಮಲಗಿದೆಯಂತೆ. ಬೇರೇ ಅವನನ್ನ ತಿಂದುಹಾಕಿತು ಅಂತ ಅಲ್ಲಿಯವರು ಹೇಳ್ತಾರೆ. ಆ ಬೇರನ್ನ ಇವತ್ತಿಗೂ ಜೋಪಾನವಾಗಿ ಇಟ್ಟಿದ್ದಾರೆ."

ಮರಿಸಿದ್ದಯ್ಯ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದ.

"ಆ ಮರ ಅಣ್ ಬುಡ್ತಿತ್ತಾ ಮೇಷ್ಟ್ರೇ?"

"ಬಿಟ್ಟೇ ಇರಬೇಕು."

"ಊರೋರು ತಿಂದಿರ್ಬೇಕಲ್ವಾ?"

"ತಿಂದಿರಬಹುದು."

"ಅಂಗಾರೆ ಊರು ಕಟ್ಟುದೋನ್ನ ಊರೋರೇ ತಿಂದ್ಬುಟ್ರು" ಎಂದು ಮರಿಸಿದ್ದಯ್ಯ ಎಲೆಯಡಿಕೆ ಉಗಿದ. "ಅದ್ಕೇ ಕಣ್ರಪ್ಪಾ, ನಾನು ಯಾವ ಊರೂ ಕಟ್ಟಕ್ಕೋಗ್ನಿಲ್ಲ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ದಾರಿಗೆ ಬಂದರು. "ಇರಲಿ. ಹದಿಮೂರು ಸೀಮೆ ಅಂದರೆ ಹದಿಮೂರು ಜನ ಅಣ್ಣತಮ್ಮಂದಿರು ಅಂತ ಇಟ್ಕೊಳ್ಳಿ. ಮನೆಗೆ ಯಜಮಾನ ಇಂಗ್ಲೆಂಡಿನ ದೊರೆ. ಎಲ್ಲರಿಗೂ ಅವನ ಕಾಟ. ತೆರಿಗೆ ವಸೂಲಿಗೆ ಅಟ್ಟಿಸ್ಕೊಂಡು ಬಂದ ದೊರೆಯ ಹಡಗು ಮರಳಲ್ಲಿ ಸಿಕ್ಕಿಕೊಂಡಾಗ ಅದಕ್ಕೆ ಬೆಂಕಿ ಇಟ್ಟವನು ಈ ಪುಟ್ಟ ತಮ್ಮನೇ. ಮಿಕ್ಕವರೆಲ್ಲ ಜುಲೈ ತಿಂಗಳಲ್ಲಿ ಬೇರೆ ಆದರೆ, ಇವನು ಮೇ ತಿಂಗಳಲ್ಲೇ ಬೇರೆ ಒಲೆ ಹೂಡಿದ."

ಎಲ್ಲರೂ ಪುಟ್ಟರಾಜುವಿನ ಕಡೆ ತಿರುಗಿದರು.

"ನನ್ಯಾಕ್ರಲಾ ಇಂಗ್ ನೋಡೀರಿ? ನಾನ್ಯಾವ ಅಡಗಿಗೆ ಬೆಂಕಿ ಮಡಗಿದ್ದೆ?" ಎಂದು ಪುಟ್ಟರಾಜು ಎದ್ದು ನಿಂತ.

"ಬಯ್ಯುತ್ತಿಲ್ಲ ಕಣಪ್ಪಾ, ಹೊಗಳ್ತಿದ್ದೀನಿ" ಎಂದು ಮೇಷ್ಟ್ರು ಅವನ ತೋಳು ಹಿಡಿದು ಕೂರಿಸಿದರು. "ಆಮೇಲೆ ಅಣ್ಣಂದಿರು ಒಂದು ಪತ್ರ ಬರೆಸಿದರು. ಒಬ್ಬೊಬ್ಬರಾಗಿ ಎಲ್ಲರೂ ರುಜು ಹಾಕಿದರು. ಈ ತಮ್ಮ ಹಾಕಲಿಲ್ಲ. ಪತ್ರ ಬರೆಯೋ ಕೂಟಕ್ಕೇ ಹೋಗಲಿಲ್ಲ."

"ಯಾಕಂತೆ?" ಎಂದು ಪುಟ್ಟರಾಜು ಮೊದಲ ಸಲ ಆಸಕ್ತಿ ತೋರಿಸಿದ.

"ತನಗೆ ಬೇಕಾದ್ದು ಪತ್ರದಲ್ಲಿ ಇಲ್ಲ ಅಂತ."

"ಒಳ್ಕಲ್ಲು!" ಅಂದಿತು ಅಡುಗೆಮನೆಯಿಂದ ಮಂಗಳಮ್ಮನ ದನಿ.

"ಹೆಚ್ಚು ಕಡಿಮೆ ಹಾಗೇ ಅನ್ನಮ್ಮ. ಕೊನೆಗೆ ಅಣ್ಣಂದಿರು 'ನೀನು ನಮ್ಮವನಲ್ಲ, ನಿನ್ನ ಜೊತೆ ಕೊಡೋದು ತಗೊಳ್ಳೋದು ನಿಲ್ಲಿಸ್ತೀವಿ' ಅಂತ ಹೊರಟರು. ಆಗ ಅವನ ಮನೆಯೊಳಗೇ ಓಟು ಹಾಕಿದರು. ಮೂವತ್ತನಾಲ್ಕು ಜನ ಒಪ್ಪು ಅಂದರು, ಮೂವತ್ತೆರಡು ಜನ ಬೇಡ ಅಂದರು. ಎರಡೇ ಓಟು! ಹಟ ಬಿಟ್ಟು ರುಜು ಹಾಕಿದ. ಹಾಕಿದ ಮೇಲೆ ಕೆಟ್ಟನೇ? ಇಲ್ಲ. ಇನ್ನೂರು ವರ್ಷ ಆಗ್ತಾ ಬಂತು, ಸುಖವಾಗಿದ್ದಾನೆ. ಅವನ ಕೋಳಿ ನಿನ್ನ ಮನೆವರೆಗೆ ಬಂದಿದೆ."

ಪುಟ್ಟರಾಜುವಿನ ಕಣ್ಣು ತೇವವಾಯಿತು. ತನ್ನಂಥ ಮೊಂಡ ಭೂಮಿಯ ಆ ತುದಿಯಲ್ಲಿ ಒಬ್ಬನಿದ್ದ ಎಂಬುದೇ ಅವನಿಗೆ ದೊಡ್ಡ ಸಮಾಧಾನ. "ಆಯ್ತು, ತತ್ತಾ ಪೆನ್ನು" ಎಂದು ಕೈ ಚಾಚಿದ.

ಬೋರಯ್ಯ ಪತ್ರ ಬಿಡಿಸಿದ. ಪೆನ್ನು ಕಾಗದಕ್ಕೆ ಇನ್ನೇನು ತಾಗಬೇಕು. ಮೇಷ್ಟ್ರು ಆಗಲೇ ಮನಸ್ಸಿನಲ್ಲಿ ತಾರಸಿ ಮನೆಯ ದೇವರ ಗೂಡಿಗೆ ಪೆರುಮಾಳನ್ನು ಸಾಗಿಸಿ, ಅತ್ತೆಗೆ ಮೂಲೆಯ ಕೋಣೆ ಕೊಟ್ಟು, ತಾವು ಅಂಗಳದಲ್ಲಿ ಕಾಲು ಚಾಚಿದ್ದರು.

ಮಂಗಳಮ್ಮ ಸೆರಗು ಕಟ್ಟಿಕೊಂಡು ಬಾಗಿಲಿಗೆ ಬಂದಳು. "ಒಸಿ ತಡೀರಿ. ಮೇಷ್ಟ್ರೇ, ಆ ಅದ್ಮೂರ್ನೇವ್ನು ರುಜು ಆಕುದ್ದು ಯಾತಕ್ಕೆ? ಬ್ಯಾರೆ ಆಗಾಕಾ, ಒಂದಾಗಾಕಾ?"

"ಒಂದಾಗೋದಕ್ಕೆ" ಅಂದರು ಮೇಷ್ಟ್ರು.

ಸರಿಯುತ್ತರ ಬಿದ್ದುಹೋಗಿತ್ತು. ಬಾಯಿಗೆ ಕೈ ಅಡ್ಡ ಇಟ್ಟರೂ ಅದು ವಾಪಸ್ಸು ಬರುವಂತಿರಲಿಲ್ಲ.

ಬೋರಯ್ಯ ಕೈಯಲ್ಲಿದ್ದ ಪತ್ರವನ್ನು ನೋಡಿದ, ತಮ್ಮನನ್ನು ನೋಡಿದ. "ಅಂಗಾರೆ ನಾವು ಉಲ್ಟಾ ಪತ್ರಕ್ಕೆ ರುಜು ಆಕೂತಿದ್ದೀವಲ್ಲಾ!"

"ಕೋಳಿ ಊರೋರ್ಗೆ ಇರೋ ಬುದ್ಧಿ ನಮ್ಗಿಲ್ದಂಗಾಯ್ತಲ್ಲಣ್ಣಾ" ಎಂದು ಚಿಕ್ಕಬೋರಯ್ಯ ಟವಲಿನಲ್ಲಿ ಮೂಗೊರೆಸಿಕೊಂಡ.

"ಅದು ಅಮೆರಿಕಾ ವಿಷಯ! ಅಲ್ಲಿಯ ಹವೆಯೇ ಬೇರೆ! ಇಲ್ಲಿಗೆ ಹೊಂದಲ್ಲ!" ಎಂದು ಮೇಷ್ಟ್ರು ಕೂಗಿದರು. ಯಾರಿಗೂ ಕೇಳಿಸಲಿಲ್ಲ. ಬೋರಯ್ಯ ಪತ್ರವನ್ನು ಹರಿದು ಗಾಳಿಗೆ ತೂರಿದ. ಮೂವರು ಗಂಡಸರು "ಅಪ್ಪಯ್ಯನ ಆತ್ಮ ತಣ್ಣಗಾಯ್ತದೆ" ಎಂದು ತಬ್ಬಿಕೊಂಡು ಗಳಗಳನೆ ಅತ್ತರು. ಒಳಗಿಂದ ಒರಳುಗುಂಡು ಗಡಗಡನೆ ತಿರುಗುವ ಸದ್ದು ಬಂತು. "ಕಲ್ಲನ್ಯಾಕೆ ಕೀಳದು? ನಾವೇ ಇಲ್ಗೆ ಬಂದ್ರಾಯ್ತು!" ಎಂದು ಮಂಗಳಮ್ಮ ಕೂಗಿ ಹೇಳಿದಳು. ಎಷ್ಟೋ ದಿನದಿಂದ ಬೀಗ ಬಿದ್ದಿದ್ದ ಮನೆ ಒಂದು ಗಳಿಗೆಯಲ್ಲಿ ತುಂಬಿದ ಮನೆಯಾಯಿತು. ನೋಡಿದವರ ಕರುಳು ಚುರ್ ಅನ್ನುವಂತಿತ್ತು. ನಿಜ ಹೇಳಬೇಕೆಂದರೆ ಮೇಷ್ಟ್ರ ಕರುಳೂ ಚುರ್ ಅಂದಿತು, ಕಾರಣ ಮಾತ್ರ ಬೇರೆ.

"ಮೇಷ್ಟ್ರೇ, ದೇವ್ರು ಬಂದಂಗ್ ಬಂದ್ರಿ!" ಎಂದು ಬೋರಯ್ಯ ಅವರನ್ನೂ ಬಾಚಿ ತಬ್ಬಿಕೊಂಡ. ಜೇಬಿನಲ್ಲಿ ಚಟಕ್ಕೆಂದಿತು. ತಣ್ಣಗಿನ ಲೋಳೆಯೊಂದು ಮೇಷ್ಟ್ರ ತೊಡೆಯ ಮೇಲೆ ಇಳಿಯತೊಡಗಿತು.

"ಬೇಯಿಸದೇನೇ ಓಯ್ತಲ್ಲಾ" ಎಂದು ಮರಿಸಿದ್ದಯ್ಯ ಮರುಗಿದ.

ಆದರೂ ಮೇಷ್ಟ್ರ ತಲೆ ಓಡಿತು. ಇಡೀ ಸಂಸಾರ ತಾರಸಿ ಮನೆಗೆ ಬಂದರೆ ಪುಟ್ಟರಾಜುವಿನ ಮನೆಯ ಮುಂಭಾಗ ಖಾಲಿ! ಕೋಳಿಗಳೂ ಬೀದಿ ದಾಟಿಹೋಗುತ್ತವೆ. ಮುಳುಗುವವನಿಗೆ ಹಲಗೆ ಸಿಕ್ಕಿದಂತಾಗಿ, "ಹಾಗಾದರೆ ಪುಟ್ಟರಾಜು, ನಿನ್ನ ಮುಂಭಾಗ...?" ಎಂದು ನಗುತ್ತಾ ಕೇಳಿದರು.

"ಅಯ್ಯೋ ಅದ್ಕೆ ಯೋಚ್ನೆ ಯಾಕೆ ಮೇಷ್ಟ್ರೇ?" ಎಂದು ಪುಟ್ಟರಾಜು ಅವರ ಕೈ ಹಿಡಿದ. "ಬ್ಲಾಕ್ ಆಪೀಸ್ನೋರು ನೂರು ಕೋಳಿ ಕೊಡ್ತೀವಿ ಅಂತಾವ್ರೆ, ಜಾಗ ಬೇಕು ಅಂತಿದ್ರು. ಮುಂಬಾಗನೆಲ್ಲ ಕೋಳಿಗೇ ಬುಟ್ಟುಬುಡ್ತೀವಿ. ಮೂರ್ ಜನಾನೂ ಸೇರಿ ಮಾಡೋದು. ಅಂಥ ದೊಡ್ ವಂಸದ ಕೋಳಿ ಅಂತ ನೀವೇಳದ್ಮೇಲೆ ಬುಡಾಕಾದದಾ?"

ಚಿಕ್ಕಬೋರಯ್ಯ ತಲೆಯಾಡಿಸಿದ. "ಇರೋ ಡಜನ್ ಕೋಳೀನ ಇವತ್ತೇ ಒಳೀಕ್ ಕೂಡಾಕವ. ನಾವಿಲ್ಲಿ ಮಲೀಕಂತೀವಿ. ಬೆಳಿಗ್ಗೆ ಎದ್ದು ಬಾಗ್ಲು ತೆಗ್ದು ಕಾಳು ಆಕೋರ್ಯಾರು?"

ಅಣ್ಣತಮ್ಮಂದಿರು ಮೂವರೂ ಒಟ್ಟಿಗೆ ಮೇಷ್ಟ್ರ ಕಡೆ ತಿರುಗಿದರು. ಎಷ್ಟೋ ವರ್ಷದ ಮೇಲೆ ಅವರು ಒಮ್ಮತದಿಂದ ಮಾಡಿದ ಮೊದಲ ತೀರ್ಮಾನ ಅದು. ಪುಟ್ಟರಾಜು ಉಡಿದಾರದಿಂದ ಕಬ್ಬಿಣದ ಬೀಗದ ಕೈ ಬಿಚ್ಚಿ ಅವರ ಅಂಗೈಗೆ ಒತ್ತಿದ. "ಗ್ವಾಡೆ ಪಕ್ಕದಲ್ಲೇ ಇದ್ದೀರಿ. ನೀವು ನಮ್ಮೋರೇ ಕಣ್ ಮೇಷ್ಟ್ರೇ. ಅದ್ನಾಕನೇ ತಮ್ಮ ಅನ್ಕಳಿ!"

ಒಂದಾದ ಸಂಸಾರದ ಮುಂದೆ ಇಲ್ಲ ಎನ್ನುವ ಧೈರ್ಯ ಮೇಷ್ಟ್ರಿಗೆ ಬರಲಿಲ್ಲ. ಉತ್ತರೀಯವನ್ನು ಒದ್ದೆ ಜೇಬಿಗೆ ಅಡ್ಡ ಹಿಡಿದು ಮನೆಗೆ ನಡೆದರು.

ಕನಕಲಕ್ಷ್ಮಿ ಹಿತ್ತಿಲ ಬಾಗಿಲಲ್ಲೇ ಕಾದಿದ್ದಳು. ಗಂಡನ ಮುಷ್ಟಿ ಬಿಗಿಯಾಗಿದ್ದದ್ದನ್ನು ಕಂಡು ಅದನ್ನು ಹಿಡಿದು ಬಿಡಿಸಿದಳು. ಒಳಗೆ ಬೀಗದ ಕೈ!

"ತಂದೇಬಿಟ್ರಾ!" ಎಂದು ಅವಳು ಖುಷಿಯಿಂದ ತಮಿಳಿಗೆ ಮರಳಿದಳು. ಮದುವೆಯಾದ ಮೇಲೆ ಅವಳು ಗಂಡನನ್ನು ಅಷ್ಟು ಮೆಚ್ಚಿಗೆಯಿಂದ ನೋಡಿದ್ದು ಅದೇ ಮೊದಲು. ಪಾಪ, ಮೇಷ್ಟ್ರು ಆ ನೋಟವನ್ನು ಒಂದು ಗಳಿಗೆಯಾದರೂ ಅನುಭವಿಸೋಣ ಎಂದುಕೊಂಡರು. ಆ ಒಂದು ಗಳಿಗೆಯಲ್ಲಿ ಅವಳು ಬೀಗದ ಕೈಯನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ದೇವರ ಮುಂದಿಟ್ಟು, ಕಣ್ಣು ಮುಚ್ಚಿ ಕೈ ಮುಗಿದಿದ್ದಳು.

ಮುಂಭಾಗದಲ್ಲಿ ಪಾತ್ರೆ ಸಾಗಿಸುವ ಸದ್ದು, ಬುಟ್ಟಿ ಎಳೆಯುವ ಸದ್ದು, ನಡುವೆ ಕೊಕ್ಕೊಕ್ಕೋ.

"ಒರಳು ಸಾಗಿಸ್ತಿದ್ದಾರೆ ಅಂತ ಕಾಣುತ್ತೆ, ಸಾಗಿಸಿಕೊಳ್ಳಲಿ ಪಾಪ" ಅಂದಳು ಕನಕಲಕ್ಷ್ಮಿ.

"ಕನಕಾ, ಅದು ಏನಾಯ್ತು ಅಂದ್ರೆ..."

ಯಾವ ಬಾಗಿಲಿನ ಬೀಗದ ಕೈ ಎಂದು ಅವಳು ಒಂದು ಮಾತು ಕೇಳಿದ್ದರೆ ಸರಿಯುತ್ತರ ತಾನಾಗಿ ಬಿದ್ದುಬಿಡುತ್ತಿತ್ತು. ಅವಳು ಕೇಳಲಿಲ್ಲ.

"ನೀವೇನೂ ಹೇಳ್ಬೇಡಿ, ಕೂತ್ಕೊಳ್ಳಿ, ಕಾಫಿ ತರ್ತೀನಿ. ನಾನೊಂದು ಯೋಚನೆ ಮಾಡಿದ್ದೀನಿ. ಬೆಳಿಗ್ಗೆ ಅಮ್ಮ ಬಸ್ಸಿಳಿದು ಬಂದು ಸ್ನಾನ ಮಾಡಿ ಮಡಿ ಉಡ್ತಾರಲ್ಲ, ಒಳ್ಳೆ ಶಕುನ. ಬೀಗದ ಕೈಯನ್ನ ನೆಟ್ಟಗೆ ಅವರ ಕೈಗೇ ಕೊಡೋಣ. ಮೊದಲು ಬಾಗಿಲು ತೆಗೆದು ಬಲಗಾಲಿಟ್ಟು ಒಳಗೆ ಹೋಗೋರು ಅವರೇ ಆಗ್ಲಿ."